ಕೊಬ್ಬರಿಯ ಸೀಮೆಯಲ್ಲಿ ದವಡೆಕೀಲಿನ ಚಿಕಿತ್ಸೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲೂಕುಗಳ ತೆಂಗು ದೇಶದಲ್ಲೆಲ್ಲ ಹೆಸರಾದುದು ಮುಖ್ಯವಾಗಿ ಉಂಡೆ ಕೊಬ್ಬರಿಯಿಂದ. ಬಲಿತ ಕಾಯನ್ನು ಸಿಪ್ಪೆಸಹಿತವಾಗಿಯೇ ಅಟ್ಟಕ್ಕೆ ಏರಿಸಿ, ಎಂಟು ತಿಂಗಳಿಂದ ಒಂದು ವರ್ಷದವರೆಗೆ ಅಲ್ಲಿಯೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನ ಹಿಡಿತದಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಒಳಗೆ ಲೊಟಲೊಟನೆ ಸದ್ದು ಕೇಳುವ ಹದಕ್ಕೆ ಬಂದ ಮೇಲೆ ಸುಲಿದು, ಚಿಪ್ಪೊಡೆದು, ಅಖಂಡವಾದ ಗಿಟಕನ್ನು ಹೊರಕ್ಕೆ ತೆಗೆಯುವ ಈ ಕ್ರಮದಲ್ಲಿ ಬೆಂಕಿಗೆ ಕೆಲಸವಿಲ್ಲ. ಕಾಲವೇ ಅಲ್ಲಿ ಪಾಕ ಮಾಡತಕ್ಕದ್ದು. ಹೀಗೆ ಸಿದ್ಧವಾದ ಕೊಬ್ಬರಿಯಲ್ಲಿ ಬಹುಭಾಗವು ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಹಿಂದೂಸ್ಥಾನದ ನಗರಗಳಿಗೆ ಹೋಗಿ ದ್ರಾಕ್ಷಿ ಖರ್ಜೂರಗಳ ಪಂಕ್ತಿಯಲ್ಲಿ ಕುಳಿತುಕೊಳ್ಳುವುದು. ಊರಿನಲ್ಲಿ ಉಳಿದದ್ದು ಮಡಿಲಕ್ಕಿಯ ಸೆರಗಿಗೆ, ಸಂಕ್ರಾಂತಿಯ ಎಳ್ಳು ಬೆಲ್ಲಕ್ಕೆ, ಸಾರಿನ ಪುಡಿಗೆ, ಮಕ್ಕಳ ಜೇಬಿಗೆ ಸಲ್ಲುವುದು. ಹಸಿಯ ಕಾಯಿಯ ತಿರುಳನ್ನು ಮಕ್ಕಳೂ ಜಗಿಯಬಲ್ಲರು. ಆದರೆ ಒಣಗಿ ಕೊಬ್ಬರಿಯಾದ ಅದೇ ತಿರುಳು ದವಡೆಹಲ್ಲುಗಳ ನಡುವೆ ಸಿಕ್ಕಿ ನುರಿಯುವ ತನಕ ಕೆನ್ನೆಯ ಸ್ನಾಯುಗಳಿಂದ ಕೇಳುವ ದುಡಿಮೆ ಸಾಮಾನ್ಯವಾದುದಲ್ಲ. ಈ ಸೀಮೆಯವರ ಬಾಯಿ ಅಂಥ ದುಡಿಮೆಗೆ ತಲೆಮಾರುಗಳಿಂದ ಒಗ್ಗಿಕೊಂಡಿರುವ ಬಾಯಿ.

ಆ ದುಡಿಮೆಯನ್ನೆಲ್ಲ ಹೊರತಕ್ಕ ಕೀಲು, ಕಿವಿಯ ಮುಂದೆ ಒಂದು ಬೆರಳಿನ ದೂರದಲ್ಲಿ, ಚರ್ಮದ ಕೆಳಗೆ, ಯಾರ ಗಮನಕ್ಕೂ ಬಾರದೆ ಇರುವುದು. ಹಲ್ಲಿಗೆ ವೈದ್ಯನುಂಟು, ಕಿವಿಗೆ ವೈದ್ಯನುಂಟು, ಮುರಿದ ಮೂಳೆಗೆ ಕಟ್ಟು ಹಾಕುವವನುಂಟು. ಇವರೆಲ್ಲರ ಎಲ್ಲೆಗಳು ಕೂಡುವ ಈ ಸ್ಥಳಕ್ಕೆ ಮಾತ್ರ ಬಹುಕಾಲದವರೆಗೆ ಒಬ್ಬ ಒಡೆಯನಿರಲಿಲ್ಲ. ಆದುದರಿಂದ ದವಡೆಕೀಲಿನ ಚಿಕಿತ್ಸೆಯ ಚರಿತ್ರೆಯು ಬಹುಮಟ್ಟಿಗೆ, ನೋವು ಹುಟ್ಟಿದ ಸ್ಥಳವನ್ನು ಬಿಟ್ಟು ನೋವು ತೋರಿದ ಸ್ಥಳಕ್ಕೆ ಕೈಹಾಕಿದವರ ಚರಿತ್ರೆಯಾಗಿದೆ. ಇದು ಹಳ್ಳಿಯ ನಾಟಿವೈದ್ಯರಿಗೆ ಅನ್ವಯಿಸುವಷ್ಟೇ ಅಮೆರಿಕದ ಪಂಡಿತರಿಗೂ ಅನ್ವಯಿಸುವುದೆಂಬುದನ್ನು ಮುಂದೆ ನೋಡಬಹುದು.

ಮೊದಲು ಆ ಕೀಲಿನ ರಚನೆಯನ್ನು ತಿಳಿಯಬೇಕು. ಬಾಗಿಲಿನ ಕೀಲು ಇದ್ದಲ್ಲಿಯೇ ತಿರುಗುವುದು. ದವಡೆಯ ಕೀಲು ಹಾಗಲ್ಲ. ಬಾಯಿ ತೆರೆಯಲಾರಂಭಿಸಿದಾಗ ಕೆಳದವಡೆಯ ತಲೆಯು ತನ್ನ ಕುಳಿಯಲ್ಲಿ ತಿರುಗುತ್ತದೆ. ಇನ್ನೂ ಅಗಲವಾಗಿ ತೆರೆಯುವಾಗ ಆ ಕುಳಿಯನ್ನೇ ಬಿಟ್ಟು ಮುಂದಿನ ದಿಣ್ಣೆಯ ಮೇಲೆ ಜಾರಿ ಇಳಿಯುತ್ತದೆ. ಮುಚ್ಚುವಾಗ ಮತ್ತೆ ಹಿಂದಕ್ಕೆ ಸರಿಯುತ್ತದೆ. ಎರಡು ಮೂಳೆಗಳ ಮಧ್ಯೆ ನಾರಿನ ಒಂದು ತೆಳುವಾದ ಬಿಲ್ಲೆಯಿದ್ದು, ದವಡೆಯ ತಲೆಯೊಂದಿಗೆ ತಾನೂ ಮುಂದೆ ಹಿಂದೆ ಚಲಿಸುತ್ತ ಉಜ್ಜಾಟವನ್ನು ತಪ್ಪಿಸುತ್ತದೆ. ಆ ಬಿಲ್ಲೆ ತನ್ನ ಸ್ಥಾನದಿಂದ ಜಾರಿದರೆ ಬಾಯಿ ತೆರೆಯುವಾಗ ‘ಟಕ್’ ಎಂಬ ಸದ್ದು ಕೇಳಿಬರುವುದು; ಜಾರಿದ್ದು ಹಿಂದಿರುಗದೆ ಅಡ್ಡನಿಂತರೆ ಬಾಯಿ ಅರ್ಧಕ್ಕೇ ನಿಂತುಹೋಗುವುದು. ಎಡಬಲದ ಕೀಲುಗಳೆರಡೂ ಒಂದೇ ಎಲುಬಿನ ಎರಡು ತುದಿಗಳಾದುದರಿಂದ ಒಂದು ಕೆಟ್ಟರೆ ಇನ್ನೊಂದು ಸುಖವಾಗಿರಲಾರದು. ಕೀಲಿಗೂ ಅಗಿಯುವ ಸ್ನಾಯುಗಳಿಗೂ ಹಲ್ಲುಗಳಿಗೂ ಸಂವೇದನೆಯನ್ನು ಒಯ್ಯುವುದು ಒಂದೇ ನರದ ಕವಲುಗಳಾದ ಕಾರಣ, ಇಲ್ಲಿಯ ನೋವು ಕಿವಿಯಲ್ಲಿಯೋ ಕಪಾಲದಲ್ಲಿಯೋ ಕೊನೆಯ ದವಡೆಹಲ್ಲಿನಲ್ಲಿಯೋ ಕಾಣಿಸಿಕೊಂಡು ರೋಗಿಯನ್ನೂ ವೈದ್ಯನನ್ನೂ ಒಟ್ಟಿಗೆ ದಾರಿ ತಪ್ಪಿಸುವುದು.

ನಮ್ಮ ಪ್ರಾಚೀನ ವೈದ್ಯರು ಇಷ್ಟು ಸೂಕ್ಷ್ಮವಾದ ಅಂಗರಚನೆಯನ್ನು ಬಲ್ಲವರಾಗಿರಲಿಲ್ಲ. ಆದರೂ ಕೀಲಿನ ವ್ಯಾಧಿಯನ್ನು ಕೀಲಿನಲ್ಲಿಯೇ ಗುರುತಿಸಿದರು ಎಂಬುದು ಅವರ ಹಿರಿಮೆ. ಸುಶ್ರುತನು ಬಾಯಿಯ ಏಳು ಸ್ಥಾನಗಳಲ್ಲಿ ಅರವತ್ತೈದು ರೋಗಗಳನ್ನು ಎಣಿಸುತ್ತ, ದಂತಗಳಿಗೆ ಸಂಬಂಧಿಸಿದ ಎಂಟರಲ್ಲಿ ಕೊನೆಯದಾಗಿ ಹನುಮೋಕ್ಷವನ್ನು, ಎಂದರೆ ದವಡೆಯ ಸಂಧಿ ಕಳಚುವುದನ್ನು, ಸೇರಿಸಿದ್ದಾನೆ. ದವಡೆಯ ಕೀಲನ್ನು ಹಲ್ಲಿನ ವರ್ಗದಲ್ಲಿ ಇರಿಸಿದ ಈ ವಿಭಾಗಕ್ರಮವನ್ನು ನೋಡಿದರೆ, ಅಗಿಯುವ ಅಂಗವೆಲ್ಲ ಒಂದು ಎಂಬ ಭಾವನೆ ಆತನಿಗೆ ಸಹಜವಾಗಿಯೇ ಇದ್ದಂತೆ ನನಗೆ ತೋರುತ್ತದೆ. ಚಿಕಿತ್ಸೆಯಲ್ಲಿಯೂ ಆತನ ವಿಧಿ ಸ್ಪಷ್ಟವಾಗಿದೆ: ಕೀಲಿಗೆ ಸ್ವೇದನವನ್ನು ಮಾಡಿ, ಮೂಳೆಗಳನ್ನು ಸರಿಯಾದ ಸ್ಥಾನಕ್ಕೆ ತಂದು, ಪಂಚಾಂಗಿ ಎಂಬ ಕಟ್ಟಿನಿಂದ ಬಿಗಿದು, ವಾತಹರವಾದ ಮಧುರ ಮೂಲಿಕೆಗಳಲ್ಲಿ ಪಕ್ವವಾದ ತುಪ್ಪವನ್ನು ನಸ್ಯವಾಗಿ, ಎಂದರೆ ಮೂಗಿನ ಮೂಲಕ, ಕೊಡತಕ್ಕದ್ದು. ಚರಕಸಂಹಿತೆಯಲ್ಲಿ ಕೈಯ ಕ್ರಮವೂ ವಿವರವಾಗಿದೆ. ತೆರೆದ ಬಾಯಿ ಮುಚ್ಚಲಾರದೆ ನಿಂತವನ ದವಡೆಗೆ ಶಾಖವನ್ನು ಕೊಟ್ಟು, ಹೆಬ್ಬೆರಳುಗಳಿಂದ ಕೆಳಕ್ಕೆ ಅದುಮುತ್ತ, ತೋರುಬೆರಳುಗಳಿಂದ ಗದ್ದವನ್ನು ಮೇಲಕ್ಕೆತ್ತಬೇಕೆಂಬುದು ಅಲ್ಲಿಯ ವಿಧಾನ. ಕ್ರಿಸ್ತಪೂರ್ವ 1600ರ ಸುಮಾರಿನದೆಂದು ಗಣಿಸಲ್ಪಟ್ಟ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ಸಿನಲ್ಲಿಯೂ, ಗ್ರೀಸಿನ ಹಿಪೊಕ್ರೆಟಿಸನ ಪರಂಪರೆಯ ಗ್ರಂಥದಲ್ಲಿಯೂ ಹೆಚ್ಚುಕಡಿಮೆ ಇದೇ ಕೈಚಳಕ ಕಾಣಬರುವುದು. ಇಂದು ಯಾವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋದರೂ, ಆಕಳಿಸಿ ದವಡೆ ಕಳಚಿಕೊಂಡು ಬಂದವನಿಗೆ ವೈದ್ಯನು ಮಾಡುವುದು ಇದನ್ನೇ. ಮೂರೂವರೆ ಸಾವಿರ ವರ್ಷ ಬದಲಾಗದೆ ಉಳಿದ ಇಂಥ ಕ್ರಿಯೆಗಳು ವೈದ್ಯಶಾಸ್ತ್ರದಲ್ಲಿ ಅಪರೂಪ.

ಇವೆಲ್ಲಕ್ಕಿಂತ ಈ ಕೊಬ್ಬರಿಯ ಸೀಮೆಗೆ ಹತ್ತಿರವಾದ ಮಾತು ವಾಗ್ಭಟನದು. ಅಷ್ಟಾಂಗಹೃದಯದಲ್ಲಿ ಆತನು ಹನುಸ್ರಂಸಕ್ಕೆ, ಎಂದರೆ ದವಡೆ ಸಡಿಲಿ ಜಾರುವುದಕ್ಕೆ, ಮೂರು ಕಾರಣಗಳನ್ನು ಹೇಳುತ್ತಾನೆ: ನಾಲಗೆಯನ್ನು ಅತಿಯಾಗಿ ಹೆರೆದುಕೊಳ್ಳುವುದು, ಪೆಟ್ಟು, ಮತ್ತು ಒಣಗಿದ ಪದಾರ್ಥಗಳನ್ನು ತಿನ್ನುವುದು. ಇವುಗಳಿಂದ ಕೆರಳಿದ ವಾತವು ದವಡೆಯ ಬುಡದಲ್ಲಿ ನಿಂತು, ಬಾಯಿ ತೆರೆದೇ ಇರುವಂತೆಯೋ ಮುಚ್ಚಿಯೇ ಇರುವಂತೆಯೋ ಮಾಡಿ, ಅಗಿಯುವುದನ್ನೂ ಮಾತನಾಡುವುದನ್ನೂ ಕಷ್ಟಕ್ಕೆ ಗುರಿಮಾಡುವುದೆಂದು ಆತನ ವಿವರಣೆ. ವಾತವೆಂಬ ಪರಿಭಾಷೆಯನ್ನು ಒಪ್ಪದವನೂ, ಒಣಗಿದ್ದನ್ನೂ ಗಡುಸಾದುದನ್ನೂ ಅಗಿಯುವ ಶ್ರಮಕ್ಕೂ ದವಡೆಯ ನೋವಿಗೂ ಆತನು ಕಲ್ಪಿಸಿದ ಸಂಬಂಧವನ್ನು ಅಲ್ಲಗಳೆಯಲಾರನು. ನೋವಿರುವ ದವಡೆಯವರಿಗೆ ಇಂದಿನ ದಂತವೈದ್ಯನು ಮೊದಲು ನಿಷೇಧಿಸುವುದು ಕೊಬ್ಬರಿ, ಚಕ್ಕುಲಿ, ಹುರಿದ ಕಾಳುಗಳಂಥ ತಿನಿಸನ್ನೇ. ಈ ಶಾಸ್ತ್ರಜ್ಞಾನವು ಸಂಸ್ಕೃತದಲ್ಲಿಯೇ ನಿಂತುಬಿಡದೆ ಕನ್ನಡಕ್ಕೆ ಇಳಿದು ಬಂದುದು ಬಹಳ ಹಿಂದೆಯೇ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕರ್ಣಾಟಕ ಕಲ್ಯಾಣಕಾರಕವೆಂಬ ಹೆಸರಿನಿಂದ ಕನ್ನಡಿಸಿದನು. 1908ರಲ್ಲಿ ಮೈಸೂರಿನಲ್ಲಿ ಆಯುರ್ವೇದದ ಶಿಕ್ಷಣ ಸರ್ಕಾರದ ಆಶ್ರಯದಲ್ಲಿ ಆರಂಭವಾದಾಗ ಆ ಪರಂಪರೆಗೆ ಹೊಸ ಕಾಲದ ಮನ್ನಣೆಯೂ ದೊರೆಯಿತು.

ಹಳ್ಳಿಯ ಮನೆಗಳಲ್ಲಿ ಮಾತ್ರ ಗ್ರಂಥಗಳ ಹಂಗಿಲ್ಲದ ಉಪಚಾರಗಳು ನಡೆದವು. ಕೆನ್ನೆ ಸೆಳೆಯುತ್ತಿದೆ, ಬಾಯಿ ಬಿಚ್ಚಲಾಗದು ಎಂದವರಿಗೆ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುವುದು, ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕೆಂಡದ ಮೇಲೆ ಬಾಡಿಸಿ ಕೆನ್ನೆಗೆ ಒತ್ತುವುದು, ಕಿವಿಯಲ್ಲಿ ನೋವೆಂದರೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ತೊಟ್ಟಿಕ್ಕುವುದು, ಇವು ಮನೆಮನೆಯ ಹಿರಿಯ ಹೆಂಗಸರು ಅರಿತಿದ್ದ ಕ್ರಮಗಳು. ಇವುಗಳಲ್ಲಿ ಶಾಖವು ನಿಜವಾಗಿಯೂ ಹಿತಕರವಾದುದು. ಬಿಗಿದ ಸ್ನಾಯು ಅದರಿಂದ ಸಡಿಲಗೊಳ್ಳುವುದು. ಕಿವಿಗೆ ಬಿಟ್ಟ ಎಣ್ಣೆಯು ಕೀಲನ್ನು ತಲುಪುವ ಮಾರ್ಗವಿಲ್ಲ. ಅದು ನೋವು ತೋರಿದ ಸ್ಥಳಕ್ಕೆ ಸಂದ ಉಪಚಾರ. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಮಗುವಿಗೆ ಜಂತುಹುಳುವಿನ ಮದ್ದು ಕುಡಿಸುವ ರೂಢಿಯೂ ಇದೇ ಬಗೆಯದು. ಇನ್ನು ಆಹಾರದ ವಿಷಯದಲ್ಲಿ ಈ ಸೀಮೆಗೆ ತಾನಾಗಿಯೇ ಒದಗಿದ್ದ ಒಂದು ಪಥ್ಯವುಂಟು. ರಾಗಿಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುತ್ತಾರೆ. ದವಡೆಗೆ ವಿಶ್ರಾಂತಿ ಬೇಕಾದವರಿಗೆ ಮುದ್ದೆ ಸೊಪ್ಪಿನ ಸಾರುಗಳಿಗಿಂತ ಉತ್ತಮವಾದ ಊಟವನ್ನು ಯಾವ ವೈದ್ಯನೂ ಬರೆದುಕೊಡಲಾರನು. ಒಂದೇ ಮನೆಯ ಅಟ್ಟದ ಮೇಲೆ ದವಡೆಯನ್ನು ದಣಿಸುವ ಕೊಬ್ಬರಿಯೂ ಒಲೆಯ ಮೇಲೆ ದವಡೆಯನ್ನು ತಣಿಸುವ ಮುದ್ದೆಯೂ ಇದ್ದುದರಿಂದ ಎಷ್ಟೋ ಜನರ ನೋವು ವೈದ್ಯರವರೆಗೆ ಹೋಗದೆ ಮನೆಯಲ್ಲಿಯೇ ಶಮನವಾಗಿರಬೇಕು.

ಆದರೆ ದವಡೆ ಕಚ್ಚಿಕೊಂಡಿತೆಂದರೆ ಹಳಬರು ಬೆಚ್ಚಿಬೀಳುತ್ತಿದ್ದುದಕ್ಕೆ ಬೇರೊಂದು ಕಾರಣವಿತ್ತು. ಕಾಯಿ ಸುಲಿಯುವ ಕಬ್ಬಿಣದ ಮೊನೆ, ಕುಡುಗೋಲು, ತೋಟದ ಮುಳ್ಳು, ಗೊಬ್ಬರದ ಮಣ್ಣು, ಇವುಗಳ ನಡುವೆ ಬರಿಗಾಲಲ್ಲಿ ದುಡಿಯುವವರಿಗೆ ಧನುರ್ವಾಯುವಿನ ಭಯ ನಿತ್ಯದ್ದು; ಅದರ ಮೊದಲ ಲಕ್ಷಣವೇ ದವಡೆಯ ಬಿಗಿತ. ಬಾಣಂತಿಯ ಕೋಣೆಯಲ್ಲಿ ಮೊಲೆಯುಣ್ಣದೆ ಬಾಯಿ ಬಿಗಿದ ಹಸುಗೂಸನ್ನು ಕಂಡ ತಾಯಂದಿರು ಎಷ್ಟು ಜನವೋ. ಚುಚ್ಚುಮದ್ದಿನ ಪ್ರಸಾರದಿಂದ ತಾಯಿಶಿಶುಗಳ ಧನುರ್ವಾಯು ಭಾರತದಲ್ಲಿ ನಿರ್ಮೂಲವಾಯಿತೆಂದು 2015ರಲ್ಲಿ ಘೋಷಿತವಾಯಿತು. ದವಡೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ವಿಜಯ ಇನ್ನೊಂದಿಲ್ಲ. ಸಾಯಿಸದೆ ಬಾಳನ್ನು ಕುಂಠಿತಗೊಳಿಸುವ ಇನ್ನೊಂದು ಬಿಗಿತವೂ ಉಂಟು. ಬಾಲ್ಯದಲ್ಲಿ ಗದ್ದ ನೆಲಕ್ಕೆ ಬಡಿಯುವಂತೆ ಬಿದ್ದರೆ, ಅಥವಾ ಸೋರುವ ಕಿವಿಯ ಕೀವು ಒಳಗೊಳಗೇ ಕೀಲಿಗೆ ಹರಡಿದರೆ, ದವಡೆಯ ತಲೆ ತಲೆಬುರುಡೆಗೆ ಬೆಸೆದುಕೊಂಡು ಒಂದೇ ಮೂಳೆಯಾಗುವುದು. ಕೆಳದವಡೆಯ ಬೆಳವಣಿಗೆ ಅಲ್ಲಿಗೆ ನಿಂತು ಗದ್ದವು ಹಿಂದೆ ಸರಿದು, ಮುಖದ ಆಕಾರವೇ ಬೇರೆಯಾಗಿ, ಮಗು ಹಲ್ಲುಗಳ ಸಂದಿನಿಂದ ಗಂಜಿಯನ್ನು ಹೀರಿಕೊಂಡು ಬೆಳೆಯಬೇಕಾಗುವುದು. ಬೆಸೆದ ಮೂಳೆಯನ್ನು ಕತ್ತರಿಸಿ ತೆಗೆದು, ಪಕ್ಕೆಲುಬಿನ ತುಂಡನ್ನು ಅಲ್ಲಿ ಕೂರಿಸಿ, ಹೊಸ ಕೀಲನ್ನು ಕಲ್ಪಿಸುವ ಶಸ್ತ್ರಕ್ರಿಯೆ ಇಂದು ಸಾಧ್ಯವಿದೆ. ಅದಿಲ್ಲದ ಕಾಲದಲ್ಲಿ ಅಂಥ ಮಕ್ಕಳು ಮಾತನ್ನೂ ಊಟವನ್ನೂ ನಗುವನ್ನೂ ಕಳೆದುಕೊಂಡು ಮನೆಯ ಮೂಲೆಯಲ್ಲಿ ದಿನ ನೂಕಿದುದನ್ನು ನೆನೆದರೆ ಮನಸ್ಸು ಕಲಕುವುದು.

ಹಲ್ಲಿನ ಚಿಕಿತ್ಸೆಯೆಂದರೆ ಹಲ್ಲನ್ನು ಕೀಳುವುದೆಂದೇ ತಿಳಿದಿದ್ದ ಯುಗ ನಮ್ಮ ಸಣ್ಣ ಊರುಗಳಲ್ಲಿ ದೀರ್ಘವಾಗಿ ನಡೆಯಿತು. ಸಂತೆಯಲ್ಲಿ ಚಾಪೆ ಹಾಸಿ, ಇಕ್ಕಳವೊಂದನ್ನೂ ಕಿತ್ತ ಹಲ್ಲುಗಳ ರಾಶಿಯನ್ನೂ ಮುಂದಿಟ್ಟುಕೊಂಡು ಕುಳಿತವನಿಗೆ ಕೀಲಿನ ನೋವು ಯಾವುದು, ಹಲ್ಲಿನ ನೋವು ಯಾವುದು ಎಂಬ ವಿವೇಚನೆ ಎಲ್ಲಿಂದ ಬರಬೇಕು? ರೋಗಿಯು ಯಾವ ಹಲ್ಲಿಗೆ ಬೆರಳಿಟ್ಟು ತೋರಿಸಿದನೋ ಆ ಹಲ್ಲು ಹೊರಬರುವುದು; ನೋವು ಹೋಗದಿದ್ದರೆ ಅದರ ಪಕ್ಕದ್ದು. ಹೀಗೆ ನಿರಪರಾಧಿಯಾದ ದವಡೆಹಲ್ಲುಗಳು ಒಂದೊಂದಾಗಿ ಹೋದಂತೆ ಉಳಿದವು ಖಾಲಿಯಾದ ಕಡೆಗೆ ವಾಲುವುವು, ಎದುರಿನವು ಆಧಾರವಿಲ್ಲದೆ ಇಳಿಯುವುವು, ಮೇಲು ಕೆಳಗಿನ ಸಾಲುಗಳ ಹೊಂದಿಕೆ ತಪ್ಪುವುದು, ಅಗಿಯುವ ಕೆಲಸವೆಲ್ಲ ಒಂದೇ ಪಕ್ಕಕ್ಕೆ ಬೀಳುವುದು. ನಡುಪ್ರಾಯದಲ್ಲಿಯೇ ಬೋಡುಬಾಯಿಯಾದವರು ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಕುಟ್ಟಿಸಿಕೊಳ್ಳುತ್ತ, ಮೂಗೂ ಗದ್ದವೂ ಒಂದನ್ನೊಂದು ಸಮೀಪಿಸಿದ ಮುಖದಲ್ಲಿ, ವಯಸ್ಸಿಗೆ ಮೀರಿದ ಮುಪ್ಪನ್ನು ಹೊತ್ತು ಬಾಳಿದರು. ಅದು ಮುಪ್ಪಿನ ಸಹಜ ಧರ್ಮವೆಂದು ನಂಬಲಾಯಿತು. ಬಹುಪಾಲು ಅದು ಇಕ್ಕಳದ ಕೆಲಸವಾಗಿತ್ತು.

ದಂತವೈದ್ಯವು ಭಾರತದಲ್ಲಿ ಒಂದು ವಿದ್ಯೆಯಾಗಿ ನೆಲೆಗೊಂಡುದು ತಡವಾಗಿ. ಅಮೆರಿಕದಲ್ಲಿ ವಿದ್ಯಾಭ್ಯಾಸ ಮಾಡಿ ಹಿಂದಿರುಗಿದ ಡಾ. ರಫೀಉದ್ದೀನ್ ಅಹಮದ್ ಅವರು 1920ರಲ್ಲಿ ಕಲ್ಕತ್ತೆಯಲ್ಲಿ ದೇಶದ ಮೊದಲ ದಂತವೈದ್ಯ ಕಾಲೇಜನ್ನು ಸ್ಥಾಪಿಸಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದಂತವೈದ್ಯರ ಅಧಿನಿಯಮವು ಅಂಗೀಕೃತವಾದಾಗ ಶಾಸನಕರ್ತರು ಒಂದು ಕಠಿಣವಾದ ಪ್ರಶ್ನೆಯನ್ನು ಎದುರಿಸಬೇಕಾಯಿತು: ಪದವಿಯಿಲ್ಲದೆ ವರ್ಷಗಟ್ಟಲೆ ಈ ವೃತ್ತಿಯಿಂದ ಜೀವಿಸುತ್ತಿದ್ದವರ ಗತಿಯೇನು? ಅವರನ್ನು ಒಮ್ಮೆಗೇ ಹೊರದೂಡದೆ, ಪದವೀಧರರಿಗೆ ‘ಎ’ ಎಂಬ ಭಾಗವನ್ನೂ, ಕನಿಷ್ಠ ಐದು ವರ್ಷಗಳ ವೃತ್ತಿಯನ್ನು ತೋರಿಸಬಲ್ಲ ಇತರರಿಗೆ ‘ಬಿ’ ಎಂಬ ಭಾಗವನ್ನೂ ನೋಂದಣಿ ಪುಸ್ತಕದಲ್ಲಿ ಕಲ್ಪಿಸಿದರು. ಬದುಕುವವರನ್ನು ಬದುಕಗೊಟ್ಟು ವಿದ್ಯೆಯನ್ನು ಮುಂದಕ್ಕೆ ಒಯ್ಯುವ ಈ ನಿರ್ಣಯದಲ್ಲಿ ಆ ಕಾಲದ ಔದಾರ್ಯವಿದೆ. ಆದರೆ ಅದರ ಬೆಲೆಯನ್ನು ತೆತ್ತವರು ರೋಗಿಗಳೆಂಬುದೂ ನಿಜ. ಆಗಿನ ಮೈಸೂರು ರಾಜ್ಯದ ರಾಜಧಾನಿಯಾದ ಬೆಂಗಳೂರಿನಲ್ಲಿ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದುದು 1958ರಲ್ಲಿ. 1884ರಲ್ಲಿ ಗುಬ್ಬಿಯವರೆಗೂ 1889ರಲ್ಲಿ ಹರಿಹರದವರೆಗೂ ಹಾಕಲ್ಪಟ್ಟ ರೈಲುಹಾದಿಯ ಮೇಲೆ ತಿಪಟೂರಿನ ಕೊಬ್ಬರಿ ಬಹುಕಾಲದಿಂದ ಊರು ಬಿಟ್ಟು ಹೋಗುತ್ತಿತ್ತು. ಅದೇ ಹಾದಿಯಲ್ಲಿ ಬಾಯಿಯ ರೋಗಿಗಳೂ ಬೆಂಗಳೂರಿನ ಕಾಲೇಜಿನ ಕುರ್ಚಿಯನ್ನು ಅರಸಿ ಹೋಗುವಂತಾಯಿತು. ಮುಂದೆ ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ದಂತವೈದ್ಯ ಕಾಲೇಜು ತಲೆಯೆತ್ತಿದ ಮೇಲೆ ಜಿಲ್ಲೆಯವರಿಗೆ ಆ ಪ್ರಯಾಣವೂ ಅರ್ಧಕ್ಕೆ ಇಳಿಯಿತು.

ಅಷ್ಟರಲ್ಲಿ ಪಶ್ಚಿಮದೇಶಗಳಲ್ಲಿ ದವಡೆಕೀಲಿನ ವಿಷಯವಾಗಿ ದೊಡ್ಡದೊಂದು ವಾದ ಎದ್ದಿತ್ತು. 1887ರಲ್ಲಿಯೇ ಎಡಿನ್‌ಬರೊದ ಥಾಮಸ್ ಅನಂಡೇಲ್ ಎಂಬ ಶಸ್ತ್ರವೈದ್ಯನು ಕೀಲಿನ ಜಾರಿದ ಬಿಲ್ಲೆಯನ್ನು ಹೊಲಿದು ಸ್ವಸ್ಥಾನದಲ್ಲಿ ನಿಲ್ಲಿಸಿ ವರದಿ ಮಾಡಿದ್ದನು. ಆ ಜ್ಞಾನವನ್ನು ಮುಂದುವರಿಸಿದವರು ಬಹುಕಾಲ ಯಾರೂ ಕಾಣಲಿಲ್ಲ. 1899ರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್ ಮೇಲು ಕೆಳಗಿನ ದವಡೆಹಲ್ಲುಗಳ ಕೂಡುವಿಕೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿ, ಹಲ್ಲುಗಳ ಹೊಂದಿಕೆಯ ಶಾಸ್ತ್ರಕ್ಕೆ ತಳಹದಿಯನ್ನು ಹಾಕಿದನು. ಈ ಎರಡು ಎಳೆಗಳನ್ನು ಜೋಡಿಸಿದವನು ಸೇಂಟ್ ಲೂಯಿಸ್ ನಗರದ ಜೇಮ್ಸ್ ಕಾಸ್ಟೆನ್. ದಂತವೈದ್ಯನಲ್ಲ, ಕಿವಿ ಗಂಟಲುಗಳ ವೈದ್ಯ. 1934ರಲ್ಲಿ ಆತನು ಹನ್ನೊಂದು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಕಿವಿಯ ನೋವು, ಕಿವಿಯೊಳಗಿನ ಮೊರೆತ, ತಲೆಸುತ್ತು ಮೊದಲಾದುವು ದವಡೆಹಲ್ಲುಗಳನ್ನು ಕಳೆದುಕೊಂಡವರಲ್ಲಿ ಹುಟ್ಟುತ್ತವೆಂದೂ, ಹಿಂಬದಿಯ ಆಧಾರ ತಪ್ಪಿ ಬಾಯಿ ಮಿತಿಮೀರಿ ಮುಚ್ಚಿದಾಗ ದವಡೆಯ ತಲೆಯು ಹಿಂದಕ್ಕೆ ಸರಿದು ಅಲ್ಲಿಯ ನರಗಳನ್ನು ಅದುಮುತ್ತದೆಂದೂ ಸಾರಿದನು. ಕಿವಿಯ ರೋಗಿಗಳ ಕೀಲನ್ನು ನೋಡಬೇಕೆಂದು ಜಗತ್ತಿಗೆ ಕಲಿಸಿದ ಆತನ ಉಪಕಾರ ದೊಡ್ಡದು. ಆದರೆ ಆತನು ಕೊಟ್ಟ ಕಾರಣ ನಿಲ್ಲಲಿಲ್ಲ; 1948ರಲ್ಲಿ ಷಿಕಾಗೋದ ಅಂಗರಚನಾಶಾಸ್ತ್ರಜ್ಞ ಹ್ಯಾರಿ ಸಿಕರ್, ಆತನು ಹೇಳಿದಂತೆ ನರಗಳು ಅದುಮಿಹೋಗುವ ಅವಕಾಶ ಆ ಸ್ಥಳದಲ್ಲಿ ಇಲ್ಲವೆಂದು ತೋರಿಸಿಕೊಟ್ಟನು.

ತತ್ತ್ವ ಬಿದ್ದರೂ ರೂಢಿ ಬೀಳಲಿಲ್ಲ. ಹಲ್ಲುಗಳ ಹೊಂದಿಕೆ ಕೆಟ್ಟುದರಿಂದಲೇ ಕೀಲು ನೋಯುವುದೆಂಬ ನಂಬಿಕೆ ದಂತವೈದ್ಯರ ಮನಸ್ಸಿನಲ್ಲಿ ಬೇರೂರಿ, ನೋವೆಂದು ಬಂದವರ ಆರೋಗ್ಯಕರವಾದ ಹಲ್ಲುಗಳನ್ನು ಉಜ್ಜಿ ತಗ್ಗಿಸುವುದು, ತೊಡಿಗೆಗಳಿಂದ ಎತ್ತರಿಸುವುದು, ಇಡೀ ಬಾಯಿಯನ್ನೇ ಹೊಸದಾಗಿ ಕಟ್ಟುವುದು ನಡೆಯಿತು. ಒಮ್ಮೆ ಉಜ್ಜಿಹೋದ ಹಲ್ಲು ಮತ್ತೆ ಬೆಳೆಯಲಾರದು. ಷಿಕಾಗೋದ ಡೇನಿಯಲ್ ಲಾಸ್ಕಿನ್ 1969ರಲ್ಲಿ, ಈ ನೋವಿನಲ್ಲಿ ಬಹುಪಾಲು ಸ್ನಾಯುಗಳದೆಂದೂ, ಮನಸ್ಸಿನ ಒತ್ತಡದಿಂದ ಹಲ್ಲು ಕಚ್ಚುವ ಅಭ್ಯಾಸವೇ ಅದರ ಮೂಲವೆಂದೂ ಪ್ರತಿಪಾದಿಸಿದ ಮೇಲೆ ಗಾಳಿ ತಿರುಗತೊಡಗಿತು. ಆದರೂ 1980ರ ದಶಕದಲ್ಲಿ ಶಸ್ತ್ರವೈದ್ಯರು ಕೆಟ್ಟ ಬಿಲ್ಲೆಯನ್ನು ತೆಗೆದು ಟೆಫ್ಲಾನ್ ಲೇಪದ ಕೃತಕ ಬಿಲ್ಲೆಗಳನ್ನು ಕೂರಿಸಿದರು. ಅವು ಒಳಗೆ ಸವೆದು ಚೂರುಚೂರಾಗಿ, ಸುತ್ತಲಿನ ಮೂಳೆಯನ್ನೇ ತಿಂದು, ಅನೇಕರನ್ನು ಮೊದಲಿಗಿಂತ ಹೆಚ್ಚಿನ ಯಾತನೆಗೆ ಗುರಿಮಾಡಿದುದರಿಂದ, 1990ರ ದಶಕದ ಆದಿಯಲ್ಲಿ ಅಮೆರಿಕದ ಸರ್ಕಾರವು ಅವುಗಳನ್ನು ಹಿಂತೆಗೆಯಿಸಬೇಕಾಯಿತು. 1996ರಲ್ಲಿ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ನಡೆಸಿದ ಪಂಡಿತಸಭೆಯು, ಹಿಂದಕ್ಕೆ ತಿರುಗಿಸಲಾಗದ ಚಿಕಿತ್ಸೆಗಳಿಗೆ ಕೈಹಾಕುವ ಮೊದಲು ಸೌಮ್ಯವಾದ ಚಿಕಿತ್ಸೆಗಳನ್ನು ಅನುಸರಿಸಬೇಕೆಂಬ ಅಭಿಪ್ರಾಯಕ್ಕೆ ಬಂದಿತು. ಹಲ್ಲುಗಳ ಹೊಂದಿಕೆಗೂ ಕೀಲಿನ ನೋವಿಗೂ ಇರುವ ಸಂಬಂಧ ಹಿಂದೆ ಭಾವಿಸಿದುದಕ್ಕಿಂತ ತೀರ ದುರ್ಬಲವೆಂಬುದು ಇಂದಿನ ವಿದ್ವಾಂಸರ ಬಹುಮತ. ಡೊಂಕುಹಲ್ಲನ್ನು ನೇರ್ಪಡಿಸುವುದು ತನ್ನಷ್ಟಕ್ಕೆ ಯೋಗ್ಯವಾದ ಕಾರ್ಯ. ಕೀಲಿನ ನೋವು ಹೋಗುವುದೆಂಬ ಭರವಸೆಯಿಂದ ಹಲ್ಲಿಗೆ ತಂತಿ ಕಟ್ಟಿಸಿಕೊಳ್ಳುವುದು ಬೇರೆ. ಸಂತೆಯ ಇಕ್ಕಳದವನು 'ಇದೇ ಹಲ್ಲು' ಎಂದು ನಂಬಿ ಕಿತ್ತನು. ವಿದ್ಯಾವಂತನು 'ಇದೇ ಹೊಂದಿಕೆ' ಎಂದು ನಂಬಿ ಉಜ್ಜಿದನು. ಇಬ್ಬರೂ ಸದ್ಭಾವದಿಂದಲೇ ಮಾಡಿದರು. ಇಬ್ಬರಿಂದಲೂ ಹೋದುದು ರೋಗಿಯ ಹಲ್ಲು.

ಇಂದು ತುರುವೇಕೆರೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ದವಡೆಯ ನೋವಿನಿಂದ ಸರಿಯಾದ ದಂತವೈದ್ಯನ ಬಳಿಗೆ ಹೋದಳೆನ್ನೋಣ. ಈ ನೋವು ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ಇಪ್ಪತ್ತರಿಂದ ನಲವತ್ತರ ಪ್ರಾಯದವರಲ್ಲಿ ಹೆಚ್ಚು. ವೈದ್ಯನು ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿ ಚಲನೆಯನ್ನು ಅರಿಯುವನು. ಆಕೆಯದೇ ಮೂರು ಬೆರಳುಗಳು ನೆಟ್ಟಗೆ ಬಾಯಲ್ಲಿ ಹಿಡಿಯುತ್ತವೆಯೇ ಎಂದು ಆಕೆಯಿಂದಲೇ ನೋಡಿಸುವನು, ಏಕೆಂದರೆ ಪ್ರಾಯದವರ ಬಾಯಿ ಸಾಮಾನ್ಯವಾಗಿ ನಲವತ್ತು ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ತೆರೆಯತಕ್ಕದ್ದು. ಕೆನ್ನೆಯ ಸ್ನಾಯುವನ್ನು ಒತ್ತಿ, ರಾತ್ರಿ ಹಲ್ಲು ಕಡಿಯುವುದುಂಟೇ, ಮನೆಯಲ್ಲಿ ಚಿಂತೆಯೇನಾದರೂ ಉಂಟೇ ಎಂದು ವಿಚಾರಿಸುವನು. ನೋವಿಲ್ಲದೆ ಬರಿಯ ‘ಟಕ್’ ಸದ್ದು ಮಾತ್ರವಿದ್ದರೆ ಅದಕ್ಕೆ ಚಿಕಿತ್ಸೆಯೇ ಬೇಡವೆಂದು ಧೈರ್ಯ ಹೇಳಿ ಕಳುಹಿಸುವನು. ನೋವಿದ್ದರೆ ಕೆಲವು ವಾರ ಮೆತ್ತನೆಯ ಆಹಾರ, ಬಿಸಿ ಶಾಖ, ಆಕಳಿಸುವಾಗ ಗದ್ದಕ್ಕೆ ಕೈಯ ಆಸರೆ, ಸುಮ್ಮನಿರುವಾಗ ತುಟಿ ಮುಚ್ಚಿದ್ದರೂ ಹಲ್ಲುಗಳು ಒಂದಕ್ಕೊಂದು ತಾಗದಂತೆ ಎಚ್ಚರ, ಅಗತ್ಯವಿದ್ದಷ್ಟು ನೋವಿನ ಮಾತ್ರೆ. ಇದರಿಂದಲೇ ಬಹುಮಂದಿ ಗುಣಹೊಂದುವರು. ಆಗದಿದ್ದರೆ ಹಲ್ಲುಗಳ ಅಚ್ಚು ತೆಗೆದು, ರಾತ್ರಿ ಹಾಕಿಕೊಳ್ಳತಕ್ಕ ಗಡುಸಾದ ಅಕ್ರಿಲಿಕ್ ಪಟ್ಟಿಯೊಂದನ್ನು ಮಾಡಿಕೊಡುವನು. ಬೇಡವಾದ ದಿನ ತೆಗೆದಿಡಬಹುದಾದುದು ಅದರ ಮುಖ್ಯಗುಣ. ಬಾಯಿ ಅರ್ಧಕ್ಕೆ ನಿಂತುಹೋದವರಿಗೆ, 1991ರಲ್ಲಿ ಇಸ್ರೇಲಿನ ಡೊರಿಟ್ ನಿಟ್ಸಾನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಕ್ರಮದಂತೆ, ಕೀಲಿನೊಳಕ್ಕೆ ಎರಡು ಸೂಜಿಗಳನ್ನು ತೂರಿಸಿ ದ್ರಾವಣದಿಂದ ತೊಳೆಯುವುದುಂಟು. ಶಸ್ತ್ರದ ಅವಶ್ಯಕತೆ ಬೀಳುವವರು ತೀರ ಕೆಲವರು. ಶಾಖ, ಮೆತ್ತನೆಯ ಊಟ, ವಿಶ್ರಾಂತಿ ಎಂಬ ಈ ಪಟ್ಟಿಯನ್ನು ಎಕ್ಕದ ಎಲೆ ಬಾಡಿಸುತ್ತಿದ್ದ ಅಜ್ಜಿಗೆ ಓದಿ ಹೇಳಿದರೆ ಆಕೆಗೆ ಹೊಸದೆನ್ನಿಸುವುದು ಅಕ್ರಿಲಿಕ್ ಪಟ್ಟಿಯೊಂದೇ.

ಹಲ್ಲು ಕಳೆದುಕೊಂಡ ಹಿರಿಯರ ಮಾತು ಬೇರೆ. ಕರ್ನಾಟಕ ಸರ್ಕಾರವು ದಂತಭಾಗ್ಯವೆಂಬ ಯೋಜನೆಯಿಂದ ಬಡತನದ ರೇಖೆಗಿಂತ ಕೆಳಗಿನ ವೃದ್ಧರಿಗೆ ಕೃತಕದಂತಪಂಕ್ತಿಗಳನ್ನು ಉಚಿತವಾಗಿ ಮಾಡಿಸಿಕೊಡಲು ಮುಂದಾದುದು ನನ್ನ ಎಣಿಕೆಯಲ್ಲಿ ಸಣ್ಣ ಕಾರ್ಯವಲ್ಲ. ಆ ಪಂಕ್ತಿಗಳ ಎತ್ತರವನ್ನು ನಿರ್ಣಯಿಸುವುದರಲ್ಲಿಯೇ ವೈದ್ಯನ ಪರೀಕ್ಷೆ ಇರುವುದು: ಕಡಿಮೆಯಾದರೆ ಮುಖ ಕುಗ್ಗಿ ಹಳೆಯ ಬೋಡುಬಾಯಿಯಂತೆಯೇ ಉಳಿಯುವುದು, ಹೆಚ್ಚಾದರೆ ಮಾತಿನಲ್ಲಿ ಹಲ್ಲುಗಳು ಬಡಿದು ಸ್ನಾಯುಗಳು ದಣಿದು ನೋಯುವುವು.

ಇನ್ನೊಂದು ಬಿಗಿತದ ಮಾತು ಉಳಿದಿದೆ; ಅದರ ಬೇರು ಇಲ್ಲಿಯ ತೋಟಗಳಲ್ಲಿಯೇ ಇದೆ. 1800ರಲ್ಲಿ ಗುಬ್ಬಿ ಚಿಕ್ಕನಾಯಕನಹಳ್ಳಿಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಈ ನಾಡಿನ ತೋಟಗಾರಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ತೆಂಗಿನ ಜೊತೆಗೆ ಅಡಿಕೆಯೂ ಅಂದಿನಿಂದ ಇಂದಿನವರೆಗೆ ಇಲ್ಲಿಯ ಒಕ್ಕಲಿನ ಆಸರೆ. ತಾಂಬೂಲವು ನಮ್ಮ ಶುಭಕಾರ್ಯಗಳ ಕಳೆ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ಆದರೆ 1952ರಲ್ಲಿ ಶ್ವಾರ್ಟ್ಜ್ ಎಂಬವನು ಕೀನ್ಯಾದಲ್ಲಿದ್ದ ಭಾರತೀಯ ಮೂಲದ ಐವರು ಸ್ತ್ರೀಯರಲ್ಲಿ ಬಾಯಿಯ ಒಳಪೊರೆ ಬಿಳುಪೇರಿ ನಾರುಗಟ್ಟಿ ಬಾಯಿ ತೆರೆಯಲಾಗದೆ ಹೋದುದನ್ನು ವರ್ಣಿಸಿದನು. ಮರುವರ್ಷವೇ ಮುಂಬಯಿಯ ವೈದ್ಯ ಜೋಶಿಯವರು ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನು ಕೊಟ್ಟರು. ಅದಕ್ಕೆ ಮುಖ್ಯ ಕಾರಣ ಅಡಿಕೆಯೆಂಬುದು ಈಗ ಸಿದ್ಧವಾದ ಸಂಗತಿ. ಅಡಿಕೆಯು ತಾನೊಂದೇ, ಹೊಗೆಸೊಪ್ಪಿನ ಸಹವಾಸವಿಲ್ಲದಿದ್ದರೂ, ಕ್ಯಾನ್ಸರಿಗೆ ಕಾರಣವಾಗಬಲ್ಲುದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಹಬ್ಬಹರಿದಿನಗಳಲ್ಲಿ ಊಟದ ಮೇಲೆ ಮೆಲ್ಲುತ್ತಿದ್ದ ಅಡಿಕೆ ಪೊಟ್ಟಣವಾಗಿ ಅಂಗಡಿಯ ಸಾಲಿನಲ್ಲಿ ತೂಗತೊಡಗಿದಂದಿನಿಂದ ಈ ರೋಗವು ಹದಿಹರೆಯದ ಹುಡುಗರಿಗೆ ಇಳಿದಿದೆ. ಕರ್ನಾಟಕದಲ್ಲಿ 2013ರಲ್ಲಿ ಅಡಿಕೆಗೆ ಹೊಗೆಸೊಪ್ಪು ಬೆರೆಸಿದ ಗುಟ್ಕಾ ನಿಷಿದ್ಧವಾಯಿತು. ಆದರೂ ಅಡಿಕೆಯ ಪುಡಿ ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪು ಇನ್ನೊಂದರಲ್ಲಿಯೂ ಬೇರೆಬೇರೆಯಾಗಿ ಮಾರಾಟವಾಗಿ ಬಾಯಲ್ಲಿ ಒಂದಾಗುತ್ತಿವೆ.

ಇಂಥ ಹುಡುಗನೊಬ್ಬನು ಖಾರ ತಾಗಿದರೆ ಬಾಯಿ ಉರಿಯುವುದೆಂದೂ ಮುದ್ದೆಯ ತುತ್ತೂ ಒಳಗೆ ಹೋಗದೆಂದೂ ಬಂದಾಗ, ದವಡೆಯ ಕೀಲು ಕೆಟ್ಟಿದೆಯೆಂದು ಅವನ ಮನೆಯವರು ಭಾವಿಸುವುದುಂಟು. ಕೀಲು ಚೆನ್ನಾಗಿಯೇ ಇರುವುದು. ಕೆನ್ನೆಯ ಒಳಪೊರೆ ಬಿಗಿದ ಪಟ್ಟಿಗಳಾಗಿ ಅದನ್ನು ಕಟ್ಟಿಹಾಕಿರುವುದು. ವೈದ್ಯನು ಕೆನ್ನೆಯೊಳಗೆ ಬೆರಳಾಡಿಸಿ ಆ ಪಟ್ಟಿಗಳನ್ನು ಗುರುತಿಸಿ, ಬಾಯಿ ಎಷ್ಟು ಮಿಲಿಮೀಟರು ತೆರೆಯುವುದೆಂದು ಅಳೆದು ಚೀಟಿಯಲ್ಲಿ ಬರೆಯುವನು. ಚುಚ್ಚುಮದ್ದು, ವ್ಯಾಯಾಮ, ಬೇಕಾದರೆ ಶಸ್ತ್ರಕ್ರಿಯೆ ಎಂಬ ಕ್ರಮವನ್ನು ವಿವರಿಸುವನು. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲವೆಂಬುದನ್ನೂ, ಮುಂದೆ ಅಲ್ಲಿ ಹುಣ್ಣೆದ್ದರೆ ತಡಮಾಡದೆ ಬರಬೇಕೆಂಬುದನ್ನೂ ಮುಚ್ಚಿಡದೆ ಹೇಳುವನು. ಇವೆಲ್ಲಕ್ಕಿಂತ ಮೊದಲು, ಜೇಬಿನಲ್ಲಿರುವ ಪೊಟ್ಟಣವನ್ನು ಹೊರಗೆ ತೆಗೆದು ಮೇಜಿನ ಮೇಲೆ ಇಡುವಂತೆ ಕೇಳುವನು.